ಮಗಳಿಗೆ 168, ಗೆಳತಿಗೆ 163: ಸೀಟು ಗೆಳತಿಗೆ ಸಿಕ್ಕಿದ್ದು ಹೇಗೆ?

ಪ್ರಶ್ನೆ: ನಾವು ಟೆಕ್ಸಾಸ್‌ನಲ್ಲಿ ನೆಲೆಸಿರುವ ಕನ್ನಡಿಗರು. ಮಗಳು ಲಾ ಸ್ಕೂಲ್‌ಗೆ ಅರ್ಜಿ ಹಾಕಿದ್ದಳು. ಲಾ ಸ್ಕೂಲ್ ಪ್ರವೇಶ ಪರೀಕ್ಷೆ ಎಲ್‌ಸ್ಯಾಟ್‌ನಲ್ಲಿ 168 ಬಂದಿತ್ತು, ಜಿಪಿಎ (ಪದವಿಯ ಅಂಕಗಳ ಸರಾಸರಿ) 3.75. ಅವಳು ತುಂಬಾ ಆಸೆಪಟ್ಟಿದ್ದ ಒಂದು ದೊಡ್ಡ ಶಾಲೆ ಸೀಟು ಕೊಡಲಿಲ್ಲ. ಜೊತೆಗೆ ಓದಿದ ಕಪ್ಪು ವರ್ಣೀಯ ಗೆಳತಿಗೆ 163 ಬಂದಿತ್ತು, ಅವಳಿಗೆ ಅದೇ ಶಾಲೆಯಲ್ಲಿ ಸೀಟು ಸಿಕ್ಕಿದೆ. ಜನಾಂಗ ನೋಡಿ ಸೀಟು ಕೊಡುವುದನ್ನು 2023ರಲ್ಲೇ ಇಲ್ಲಿನ ಸುಪ್ರೀಂ ಕೋರ್ಟ್ ನಿಲ್ಲಿಸಿತು ಅಂತ ಕೇಳಿದ್ದೆವು. ಊರಲ್ಲಿರುವ ನನ್ನ ತಮ್ಮ "ಅಲ್ಲೂ ಮೀಸಲಾತಿ, ಇಲ್ಲೂ ಮೀಸಲಾತಿ" ಅನ್ನುತ್ತಾನೆ. ಅಂಕ ಜಾಸ್ತಿ ಇದ್ದವರಿಗೆ ಸೀಟು ಸಿಗದಿದ್ದರೆ ಪರೀಕ್ಷೆಯಾದರೂ ಯಾಕೆ ಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಒಂದು ಸಂಖ್ಯೆ ಇಲ್ಲ. ಆ ಗೆಳತಿಯ ಜಿಪಿಎ ಎಷ್ಟು? ಮಗಳನ್ನು ಕೇಳಿ ನೋಡಿ. ಅದು ಗೊತ್ತಾಗದೆ ಈ ಎರಡು ಅರ್ಜಿಗಳನ್ನು ಹೋಲಿಸುವುದಕ್ಕೆ ಆಗುವುದಿಲ್ಲ.

ಅಮೆರಿಕದ ಲಾ ಸ್ಕೂಲ್‌ಗಳಲ್ಲಿ ಸೀಟು ಹಂಚುವುದು ನಮ್ಮ ಸಿಇಟಿ ರ‍್ಯಾಂಕ್ ಪಟ್ಟಿಯ ಹಾಗೆ ಮೇಲಿನಿಂದ ಕೆಳಗೆ ಇಳಿಯುತ್ತಾ ಹೋಗುವುದಿಲ್ಲ. ಅವರ ಕಣ್ಣೆಲ್ಲ ಮೀಡಿಯನ್ ಮೇಲೆ. ಸೇರಿದ ಮಕ್ಕಳನ್ನೆಲ್ಲ ಅಂಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಸರಿಯಾಗಿ ಮಧ್ಯದಲ್ಲಿ ಬರುವವರ ಅಂಕವೇ ಮೀಡಿಯನ್. ಎಲ್‌ಸ್ಯಾಟ್‌ಗೆ ಒಂದು, ಜಿಪಿಎಗೆ ಒಂದು. ಯು.ಎಸ್. ನ್ಯೂಸ್ ಅನ್ನುವ ಮಾಧ್ಯಮ ಸಂಸ್ಥೆ ಪ್ರತಿವರ್ಷ ಹೊರಡಿಸುವ ಲಾ ಸ್ಕೂಲ್ ರ‍್ಯಾಂಕಿಂಗ್‌ನಲ್ಲಿ ಬೇರೆ ಅಂಶಗಳ ಜೊತೆ ಈ ಎರಡು ಸಂಖ್ಯೆಗಳೂ ಲೆಕ್ಕಕ್ಕೆ ಬರುತ್ತವೆ. 2022ರ ನವೆಂಬರಿನಲ್ಲಿ ಯೇಲ್ ಮತ್ತು ಹಾರ್ವರ್ಡ್ ಲಾ ಸ್ಕೂಲ್‌ಗಳು ಆ ರ‍್ಯಾಂಕಿಂಗ್‌ಗೆ ಮಾಹಿತಿ ಕೊಡುವುದಿಲ್ಲ ಅಂತ ಹೊರಗೆ ಬಂದವು, ಆಮೇಲೆ ಇನ್ನೂ ಹಲವು ಶಾಲೆಗಳು ಅದೇ ದಾರಿ ಹಿಡಿದವು. ರ‍್ಯಾಂಕಿಂಗ್‌ನವರೂ ಅಂಕಗಳಿಗೆ ಕೊಡುತ್ತಿದ್ದ ತೂಕ ಕಡಿಮೆ ಮಾಡಿದರು. ಆದರೂ ಪ್ರವೇಶ ಸಮಿತಿಗಳ ಹಳೆಯ ಅಭ್ಯಾಸ ಹೋಗಿಲ್ಲ.

ಒಂದು ಶಾಲೆಯ ಎಲ್‌ಸ್ಯಾಟ್ ಮೀಡಿಯನ್ 171, ಜಿಪಿಎ ಮೀಡಿಯನ್ 3.9 ಅಂತಿಟ್ಟುಕೊಳ್ಳಿ. ಅಲ್ಲಿ 168 ಮತ್ತು 163 ಎರಡೂ ಮೀಡಿಯನ್‌ಗಿಂತ ಕೆಳಗೆ. ಮೀಡಿಯನ್‌ನ ಲೆಕ್ಕದಲ್ಲಿ ಎರಡರಿಂದಲೂ ಆಗುವ ನಷ್ಟ ಒಂದೇ. ಆದರೆ ಆ ಗೆಳತಿಯ ಜಿಪಿಎ 3.97 ಇದ್ದರೆ ಅವಳು ಎರಡರಲ್ಲಿ ಒಂದು ಮೀಡಿಯನ್ ಅನ್ನು ಮೇಲಕ್ಕೆ ತಳ್ಳುತ್ತಾಳೆ. ನಿಮ್ಮ ಮಗಳು ಎರಡಕ್ಕೂ ಸ್ವಲ್ಪ ಸ್ವಲ್ಪ ಕೆಳಗಿದ್ದಾಳೆ. ಒಂದರಲ್ಲಿ ತುಂಬಾ ಮೇಲೆ ಇನ್ನೊಂದರಲ್ಲಿ ತುಂಬಾ ಕೆಳಗೆ ಇರುವವರಿಗಿಂತ ಹೀಗೆ ಎರಡರಲ್ಲೂ ಸ್ವಲ್ಪ ಕೆಳಗಿರುವವರಿಗೆ ಕಷ್ಟ ಜಾಸ್ತಿ. ಇದು ಯಾವ ಜನಾಂಗದವರಿಗಾದರೂ ಅನ್ವಯಿಸುವ ಮಾತು.

168 ಕಡಿಮೆ ಅಂಕ ಅಂತ ನಾನು ಹೇಳುತ್ತಿಲ್ಲ. 120ರಿಂದ 180ರವರೆಗಿನ ಅಳತೆಯಲ್ಲಿ 168 ತೆಗೆಯುವುದು ಸುಲಭವಲ್ಲ. ಪರೀಕ್ಷೆ ಬರೆದ ನೂರು ಜನರಲ್ಲಿ ತೊಂಬತ್ತಕ್ಕೂ ಹೆಚ್ಚು ಜನ ಅವಳಿಗಿಂತ ಕೆಳಗಿದ್ದಾರೆ. ಆದರೆ ಅಗ್ರ ಹದಿನಾಲ್ಕು ಅಂತ ಕರೆಯುವ ಶಾಲೆಗಳಲ್ಲಿ ಬಹುತೇಕ ಕಡೆ ಈಗ ಮೀಡಿಯನ್ 170 ದಾಟಿದೆ. ಅಂಥ ಶಾಲೆ ಅವಳಿಗೆ ಸೀಟು ಕೊಡದಿರುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಯೇ ಇಲ್ಲ. ಅವಳು ಬಿಳಿಯಳಾಗಿದ್ದರೂ ಉತ್ತರ ಬಹುಶಃ ಅದೇ ಬರುತ್ತಿತ್ತು.

ಈಗ ನಿಮ್ಮ ತಮ್ಮನ ಮಾತಿಗೆ ಬರೋಣ.

ನಮ್ಮಲ್ಲಿ ಮೀಸಲಾತಿ ಅಂದರೆ ಎಣಿಸಿಟ್ಟ ಸೀಟುಗಳು. ಇಷ್ಟು ಪರಿಶಿಷ್ಟ ಜಾತಿಗೆ, ಇಷ್ಟು ಪಂಗಡಕ್ಕೆ, ಇಷ್ಟು ಹಿಂದುಳಿದ ವರ್ಗಕ್ಕೆ ಅಂತ. ಎಷ್ಟರವರೆಗೆ ಎಣಿಸಿಡಬಹುದು ಅನ್ನುವ ದೊಡ್ಡ ಜಗಳ ಹುಟ್ಟಿದ್ದೇ ನಮ್ಮ ರಾಜ್ಯದಿಂದ. ಮೈಸೂರು ಸರ್ಕಾರ ಮೆಡಿಕಲ್, ಎಂಜಿನಿಯರಿಂಗ್ ಕಾಲೇಜುಗಳಲ್ಲಿ ನೂರಕ್ಕೆ 68 ಸೀಟು ಮೀಸಲಿಟ್ಟಿತ್ತು. 1962ರಲ್ಲಿ ಬಾಲಾಜಿ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿ, ಸಾಮಾನ್ಯವಾಗಿ 50ಕ್ಕಿಂತ ಕಡಿಮೆ ಇರಬೇಕು ಅಂದಿತು. ಎಣಿಸಿಡುವುದೇ ತಪ್ಪು ಅಂತ ಅದು ಹೇಳಲಿಲ್ಲ.

ಅಮೆರಿಕದಲ್ಲಿ ಎಣಿಸಿಡುವುದು 1978ರಲ್ಲೇ ಮುಗಿಯಿತು. ಕ್ಯಾಲಿಫೋರ್ನಿಯಾದ ಡೇವಿಸ್ ಮೆಡಿಕಲ್ ಕಾಲೇಜು 100 ಸೀಟಿನಲ್ಲಿ 16 ಸೀಟನ್ನು ಅಲ್ಪಸಂಖ್ಯಾತರಿಗೆ ಬೇರೆ ಇಟ್ಟಿತ್ತು. ಬಕ್ಕಿ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕೋಟಾ ಕೂಡದು ಅಂದಿತು, ಆದರೆ ಅರ್ಜಿ ನೋಡುವಾಗ ಜನಾಂಗವನ್ನು ಹಲವು ಅಂಶಗಳಲ್ಲಿ ಒಂದಾಗಿ ಗಮನಿಸಬಹುದು ಅಂತ ಒಂದು ಬಾಗಿಲು ಬಿಟ್ಟಿತು. ಮುಂದಿನ 45 ವರ್ಷ ಲಾ ಸ್ಕೂಲ್‌ಗಳು ನಡೆದದ್ದು ಆ ಬಾಗಿಲಿನಿಂದ. ಆದ್ದರಿಂದ ಆ ಹುಡುಗಿಗೆ ಸಿಕ್ಕಿದ್ದು ಮೀಸಲು ಸೀಟಲ್ಲ. ಅಂಥ ಸೀಟು ಅಲ್ಲಿ ಇಲ್ಲವೇ ಇಲ್ಲ. ಇದನ್ನು ನಿಮ್ಮ ತಮ್ಮನಿಗೆ ದಯವಿಟ್ಟು ಹೇಳಿ, ಇಂಥ ಮಾತು ಮಗಳ ಕಿವಿಗೂ ಬಿದ್ದು ಅವಳು ಗೆಳತಿಯನ್ನು ನೋಡುವ ರೀತಿ ಬದಲಾಗುತ್ತದೆ.

ಹಾಗಂತ ಜನಾಂಗ ಸುಮ್ನೆ ಹೆಸರಿಗೆ ಒಂದು ಅಂಶವಾಗಿತ್ತು ಅಂತ ಹೇಳಿದರೆ ನಾನು ನಿಮಗೆ ಸುಳ್ಳು ಹೇಳಿದ ಹಾಗೆ. ಅದರ ತೂಕ ದೊಡ್ಡದಾಗಿತ್ತು. ನೀವಿರುವ ರಾಜ್ಯದ ಉದಾಹರಣೆಯನ್ನೇ ತಗೊಳ್ಳಿ. ಟೆಕ್ಸಾಸ್ ವಿಶ್ವವಿದ್ಯಾಲಯದ ಲಾ ಸ್ಕೂಲ್ ಎಲ್‌ಸ್ಯಾಟ್ ಮತ್ತು ಜಿಪಿಎ ಸೇರಿಸಿ ಒಂದು ಸೂಚ್ಯಂಕ ಮಾಡುತ್ತಿತ್ತು. 1992ರಲ್ಲಿ ಆ ರಾಜ್ಯದ ಬಿಳಿಯ ಅಭ್ಯರ್ಥಿಗೆ 199 ಬಂದರೆ ಸೀಟು ಹೆಚ್ಚುಕಡಿಮೆ ಖಚಿತ, ಕಪ್ಪು ವರ್ಣೀಯರಿಗೆ ಮತ್ತು ಮೆಕ್ಸಿಕನ್ ಅಮೆರಿಕನ್ನರಿಗೆ 189 ಸಾಕಿತ್ತು. ಬಿಳಿಯರ ಅರ್ಜಿಯನ್ನು ಬಹುಮಟ್ಟಿಗೆ ಪಕ್ಕಕ್ಕೆ ಇಡುತ್ತಿದ್ದ ಗೆರೆ 192. ಅಂದರೆ ಒಬ್ಬರಿಗೆ ಬಾಗಿಲು ಮುಚ್ಚುವ ಅಂಕದಲ್ಲೇ ಇನ್ನೊಬ್ಬರಿಗೆ ಬಾಗಿಲು ತೆರೆಯುತ್ತಿತ್ತು. ಶೆರಿಲ್ ಹಾಪ್‌ವುಡ್ ಮತ್ತು ಇತರರು ಇದನ್ನು ಕೋರ್ಟಿಗೆ ಒಯ್ದರು, 1996ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಿತು. ಆ ಸಂಖ್ಯೆಗಳನ್ನು ನೋಡಿ ಬಿಳಿಯ ಅಭ್ಯರ್ಥಿಗಳಿಗೆ ನೋವಾದದ್ದು ನನಗೆ ಅರ್ಥವಾಗುತ್ತದೆ.

ಆದರೆ ಇದೇ ಲಾ ಸ್ಕೂಲ್‌ಗೆ 1946ರಲ್ಲಿ ಅರ್ಜಿ ಹಾಕಿದ್ದ ಹೀಮನ್ ಸ್ವೆಟ್ ಅನ್ನುವ ಅಂಚೆ ನೌಕರನ ಕಥೆಯನ್ನೂ ಇದರ ಪಕ್ಕದಲ್ಲೇ ಇಡಬೇಕು. ಅವನಿಗೆ ಅರ್ಹತೆ ಇತ್ತು. ಕಪ್ಪು ವರ್ಣೀಯ ಅನ್ನುವ ಒಂದೇ ಕಾರಣಕ್ಕೆ ಬೇಡ ಅಂದರು. ಅವನು ಕೋರ್ಟಿಗೆ ಹೋದಾಗ ರಾಜ್ಯ ಸರ್ಕಾರ ಅವಸರದಲ್ಲಿ ಕಪ್ಪು ಜನರಿಗಾಗಿಯೇ ಬೇರೆ ಲಾ ಸ್ಕೂಲ್ ಒಂದನ್ನು ನೆಲಮಾಳಿಗೆಯಲ್ಲಿ ಶುರುಮಾಡಿತು, ಆದರೆ ಟೆಕ್ಸಾಸ್ ವಿಶ್ವವಿದ್ಯಾಲಯದ ಲಾ ಸ್ಕೂಲ್ ಒಳಗೆ ಅವನನ್ನು ಬಿಡಲಿಲ್ಲ. 1950ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಒಳಗೆ ಬಿಟ್ಟರು. ಎಲ್‌ಸ್ಯಾಟ್ ಶುರುವಾದದ್ದು 1948ರಲ್ಲಿ, ಅವನ ಕೇಸು ಇನ್ನೂ ನಡೆಯುತ್ತಿದ್ದಾಗ. ಸ್ವೆಟ್ ಒಳಗೆ ಹೋದದ್ದಕ್ಕೂ ಹಾಪ್‌ವುಡ್ ತೀರ್ಪಿಗೂ ನಡುವೆ ಇರುವುದು 46 ವರ್ಷ. ಅಪ್ಪ ಅಥವಾ ತಾತನನ್ನು ಜಾತಿ ನೋಡಿ ಶಾಲೆಯ ಹೊರಗೆ ಕೂರಿಸಿದ ಮನೆಗಳು ನಮ್ಮಲ್ಲೂ ಇವೆಯಲ್ಲ, ಅವರ ಮೊಮ್ಮಕ್ಕಳು ಒಂದು ತಲೆಮಾರಿನಲ್ಲಿ ಅಂಕದಲ್ಲಿ ಸಮ ಬರಬೇಕು ಅಂತ ನಾವು ನಿರೀಕ್ಷಿಸುವುದು ಸರಿಯಾ?

ಸಮ ಬಂದಿಲ್ಲ ಅನ್ನುವುದೂ ನಿಜ. ಎಲ್‌ಸ್ಯಾಟ್‌ನಲ್ಲಿ ಕಪ್ಪು ವರ್ಣೀಯರ ಸರಾಸರಿ ಸುಮಾರು 142, ಬಿಳಿಯರದ್ದು ಮತ್ತು ಏಷ್ಯನ್ನರದ್ದು ಸುಮಾರು 153. ಹತ್ತು ಅಂಕಕ್ಕೂ ಜಾಸ್ತಿ ಅಂತರ. ಸರಾಸರಿಯಲ್ಲೇ ಇಷ್ಟಿದ್ದರೆ 170ರ ಮೇಲೆ ಉಳಿಯುವವರ ಸಂಖ್ಯೆ ತೀರಾ ಕಡಿಮೆಯಾಗುತ್ತದೆ. ಬರೀ ಅಂಕ ನೋಡಿ ಸೀಟು ಕೊಟ್ಟರೆ ದೊಡ್ಡ ಲಾ ಸ್ಕೂಲ್‌ಗಳ ತರಗತಿ ಹೇಗಿರುತ್ತದೆ ಅಂತ ಊಹೆ ಮಾಡಬೇಕಾಗಿಲ್ಲ. ಕ್ಯಾಲಿಫೋರ್ನಿಯಾದ ಜನ 1996ರಲ್ಲಿ ಮತ ಹಾಕಿ ಜನಾಂಗ ನೋಡುವುದನ್ನು ನಿಷೇಧಿಸಿದರು. ಮುಂದಿನ ವರ್ಷ ಬರ್ಕ್ಲಿಯ ಲಾ ಸ್ಕೂಲ್‌ನಲ್ಲಿ 14 ಕಪ್ಪು ವರ್ಣೀಯರಿಗೆ ಸೀಟು ಸಿಕ್ಕಿತು, ಒಬ್ಬರೂ ಬಂದು ಸೇರಲಿಲ್ಲ. ಹಿಂದಿನ ವರ್ಷ ಸೀಟು ಪಡೆದು ಮುಂದೂಡಿದ್ದ ಒಬ್ಬ ವಿದ್ಯಾರ್ಥಿ ಮಾತ್ರ ಆ ಇಡೀ ಬ್ಯಾಚಿನಲ್ಲಿದ್ದ.

ಮಿಶಿಗನ್ ಲಾ ಸ್ಕೂಲ್ ವಿರುದ್ಧ, ಅಲ್ಲಿ ಸೀಟು ಸಿಗದ ಬಿಳಿಯ ಅಭ್ಯರ್ಥಿ ಬಾರ್ಬರಾ ಗ್ರಟರ್ ಹಾಕಿದ ಕೇಸಿನಲ್ಲೂ ಇದೇ ಲೆಕ್ಕ ಬಂತು. ಆಕೆಗೆ ಎಲ್‌ಸ್ಯಾಟ್‌ನಲ್ಲಿ 161, ಜಿಪಿಎ 3.8. ಜನಾಂಗ ನೋಡದೆ ಹೋಗಿದ್ದರೆ 2000ನೇ ಇಸವಿಯ ತರಗತಿಯಲ್ಲಿ ಅಲ್ಪಸಂಖ್ಯಾತರು ನೂರಕ್ಕೆ 14.5ರ ಬದಲು 4 ಇರುತ್ತಿದ್ದರು ಅಂತ ಶಾಲೆಯ ಪರ ತಜ್ಞರು ಹೇಳಿದರು. 2003ರಲ್ಲಿ ಸುಪ್ರೀಂ ಕೋರ್ಟ್ 5-4 ಬಹುಮತದಲ್ಲಿ ಶಾಲೆಯ ಪರ ನಿಂತಿತು. ತೀರ್ಪು ಬರೆದ ನ್ಯಾಯಮೂರ್ತಿ ಸಾಂಡ್ರಾ ಡೇ ಓಕಾನರ್, ಇನ್ನು 25 ವರ್ಷದಲ್ಲಿ ಇದರ ಅಗತ್ಯ ಇರಲಾರದು ಅಂತ ನಿರೀಕ್ಷೆ ಇಟ್ಟುಕೊಂಡರು. 25 ವರ್ಷ ತುಂಬಲಿಲ್ಲ, 20ಕ್ಕೇ ಕೋರ್ಟ್ ಬಾಗಿಲು ಹಾಕಿತು.

2023ರ ಜೂನ್ 29ರ ತೀರ್ಪು ಹಾರ್ವರ್ಡ್ ಮತ್ತು ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯಗಳ ಪದವಿ ಪ್ರವೇಶದ ಬಗ್ಗೆ ಬಂದದ್ದು, ಆದರೆ ಲಾ ಸ್ಕೂಲ್‌ಗಳಿಗೂ ಅದೇ ಕಾನೂನು. ಇನ್ನು ಮುಂದೆ ಜನಾಂಗ ನೋಡಿ ಯಾರಿಗೂ ಹೆಚ್ಚು ತೂಕ ಕೊಡುವ ಹಾಗಿಲ್ಲ. ಏಷ್ಯನ್ ತಂದೆತಾಯಿಯರಿಗೆ ಇರುವ ಅನುಮಾನ ಗಾಳಿಯಿಂದ ಬಂದದ್ದಲ್ಲ ಅನ್ನುವುದನ್ನು ಇಲ್ಲಿ ಹೇಳಲೇಬೇಕು. ಹಾರ್ವರ್ಡ್ ಅರ್ಜಿದಾರರಿಗೆ ವ್ಯಕ್ತಿತ್ವದ ಬಗ್ಗೆ ಕೊಡುತ್ತಿದ್ದ ಅಂಕ ಏಷ್ಯನ್ ಮಕ್ಕಳಿಗೆ ಸರಾಸರಿಯಲ್ಲಿ ಕಡಿಮೆ ಇತ್ತು, ವಿಚಾರಣೆಯಲ್ಲಿ ಆ ಅಂಕಿಅಂಶ ಹೊರಗೆ ಬಂತು. ನನ್ನ ಪ್ರಕಾರ ಅದು ಆ ಶಾಲೆಯ ದೊಡ್ಡ ತಪ್ಪು. ಅದನ್ನು ಸರಿಮಾಡಲು ಕಪ್ಪು ವರ್ಣೀಯರಿಗೆ ಕೊಡುತ್ತಿದ್ದ ನೆರವನ್ನು ತೆಗೆಯಬೇಕಾಗಿರಲಿಲ್ಲ, ಅವು ಎರಡು ಬೇರೆ ವಿಷಯ. ಕೋರ್ಟಿನಲ್ಲಿ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದರು.

ತೀರ್ಪಿನಲ್ಲಿ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಇನ್ನೊಂದು ಮಾತೂ ಬರೆದರು. ತನ್ನ ಜನಾಂಗದಿಂದ ತನ್ನ ಬದುಕಿನಲ್ಲಿ ಏನಾಯಿತು ಅಂತ ವಿದ್ಯಾರ್ಥಿ ಪ್ರಬಂಧದಲ್ಲಿ ಬರೆದರೆ ಅದನ್ನು ಶಾಲೆ ಪರಿಗಣಿಸಬಹುದು, ಆದರೆ ಆ ವ್ಯಕ್ತಿಯ ಧೈರ್ಯಕ್ಕೆ, ಗುಣಕ್ಕೆ ತೂಕ ಕೊಡಬೇಕೇ ಹೊರತು ಜನಾಂಗಕ್ಕಲ್ಲ ಅಂತ. ಈಗ ಹಲವು ಶಾಲೆಗಳಲ್ಲಿ ಜನಾಂಗದ ಕಾಲಂ ಪ್ರವೇಶ ಸಮಿತಿಗೆ ಕಾಣುವುದೇ ಇಲ್ಲ, ಕಾಣುವುದು ಪ್ರಬಂಧ. ಫಲಿತಾಂಶವೂ ಕಂಡಿದೆ. ಹಾರ್ವರ್ಡ್ ಲಾ ಸ್ಕೂಲ್‌ನ ಮೊದಲ ವರ್ಷದಲ್ಲಿ 2023ರಲ್ಲಿ 43 ಕಪ್ಪು ವರ್ಣೀಯರಿದ್ದರು, 2024ರಲ್ಲಿ 19. ಹಾಗಾಗಿ ನಿಮ್ಮ ಮಗಳ ಗೆಳತಿಗೆ ಈಗ ಸೀಟು ಸಿಕ್ಕಿದ್ದರೆ ಅದು ಹಳೆಯ ವ್ಯವಸ್ಥೆಯ ಕೃಪೆ ಅಂದುಕೊಳ್ಳಬೇಡಿ. ಅವಳ ಜಿಪಿಎ, ಅವಳ ಬರಹ, ಅವಳ ಶಿಫಾರಸು ಪತ್ರಗಳು, ಮಾಡಿದ ಕೆಲಸ ಇವೆಲ್ಲ ಇವೆಯಲ್ವಾ.

ಇನ್ನೊಂದು ಲೆಕ್ಕ ನೋಡಿ, ಇದನ್ನು ಯಾರೂ ಮಾಡುವುದಿಲ್ಲ. ಹಳೆಯ ಪದ್ಧತಿಯ ಕಾಲದ ಒಂದು ಶಾಲೆಗೆ 5000 ಅರ್ಜಿ ಬಂದವು, 300 ಜನಕ್ಕೆ ಸೀಟು ಕೊಟ್ಟರು, ಅದರಲ್ಲಿ 40 ಜನ ಬರೀ ಅಂಕ ನೋಡಿದ್ದರೆ ಬರುತ್ತಿರಲಿಲ್ಲ ಅಂತಿಟ್ಟುಕೊಳ್ಳಿ. ಉಳಿದ 4960 ಜನ 260 ಸೀಟಿಗೆ ಸ್ಪರ್ಧಿಸಿದರು, ನೂರಕ್ಕೆ 5.2 ಜನಕ್ಕೆ ಸಿಕ್ಕಿತು. ಆ 40 ಸೀಟನ್ನೂ ಇವರಿಗೇ ಕೊಟ್ಟಿದ್ದರೆ ನೂರಕ್ಕೆ 6. ಅಂಚಿನಲ್ಲಿ ನಿಂತಿದ್ದ ಕೆಲವರಿಗೆ ಇದಕ್ಕಿಂತ ಜಾಸ್ತಿ ವ್ಯತ್ಯಾಸ ಆಗುತ್ತಿತ್ತು, ಒಪ್ಪುತ್ತೇನೆ. ಆದರೆ ಸೀಟು ಸಿಗದ 4700 ಜನರೂ ಆ 40 ಜನರ ಕಡೆಗೇ ಬೊಟ್ಟು ಮಾಡಿ ನನ್ನ ಸೀಟು ಹೋಯಿತು ಅಂದರು. ನಲವತ್ತು ಸೀಟು ಸಾವಿರಾರು ಜನರದ್ದಾಗಿರಲು ಸಾಧ್ಯವೇ ಇಲ್ಲ.

ನಿಮ್ಮ ಕೊನೆಯ ಪ್ರಶ್ನೆ ಬಹಳ ಒಳ್ಳೆಯದು. ಪರೀಕ್ಷೆ ಯಾಕೆ ಬೇಕು?

ಎಲ್‌ಸ್ಯಾಟ್ ಹುಟ್ಟಿದ್ದು ಲಾ ಸ್ಕೂಲ್‌ನ ಮೊದಲ ವರ್ಷದ ಅಂಕಗಳನ್ನು ಊಹಿಸಲು. ಆ ಕೆಲಸವನ್ನು ಅದು ಸುಮಾರಾಗಿ ಚೆನ್ನಾಗಿಯೇ ಮಾಡುತ್ತದೆ, ಜಿಪಿಎ ಜೊತೆ ಸೇರಿಸಿದರೆ ಇನ್ನೂ ಚೆನ್ನಾಗಿ. ಎಲ್ಲಿಂದಲೋ ಬಂದ, ಹೆಸರಿಲ್ಲದ ಕಾಲೇಜಿನಲ್ಲಿ ಓದಿದ ಹುಡುಗನಿಗೆ ತಾನು ಯಾರಿಗೂ ಕಡಿಮೆಯಿಲ್ಲ ಅಂತ ತೋರಿಸಲು ಅದು ದಾರಿಯೂ ಹೌದು. ಅದನ್ನು ಕಿತ್ತುಹಾಕಬೇಕು ಅನ್ನುವವರ ಜೊತೆ ನಾನಿಲ್ಲ. ಪರೀಕ್ಷೆ ಕಡ್ಡಾಯ ಅನ್ನುವ ನಿಯಮ ತೆಗೆಯುವ ಪ್ರಸ್ತಾವವನ್ನು ಅಲ್ಲಿನ ವಕೀಲರ ಸಂಘವಾದ ಅಮೆರಿಕನ್ ಬಾರ್ ಅಸೋಸಿಯೇಷನ್‌ನ ಪ್ರತಿನಿಧಿ ಸಭೆ 2023ರ ಫೆಬ್ರವರಿಯಲ್ಲಿ ತಿರಸ್ಕರಿಸಿದಾಗ, ಅದನ್ನು ವಿರೋಧಿಸಿದವರಲ್ಲಿ ಲಾ ಸ್ಕೂಲ್‌ನ ವೈವಿಧ್ಯದ ಪರ ಇದ್ದವರೂ ಇದ್ದರು.

ಆದರೆ ಅದರ ಮಿತಿ ಗೊತ್ತಿರಬೇಕು. ಪರೀಕ್ಷೆ ನಡೆಸುವ ಸಂಸ್ಥೆಯೇ ಪ್ರತಿ ಅಂಕದ ಜೊತೆ ಒಂದು ವ್ಯಾಪ್ತಿ ಕೊಡುತ್ತದೆ, ಸುಮಾರು 3 ಅಂಕ ಆಚೆ, 3 ಅಂಕ ಈಚೆ. ನಿಮ್ಮ ಮಗಳ 168 ಅಂದರೆ 165ರಿಂದ 171, ಗೆಳತಿಯ 163 ಅಂದರೆ 160ರಿಂದ 166. ಎರಡೂ ಒಂದರ ಮೇಲೊಂದು ಬೀಳುತ್ತವೆ. ಬರೀ ಅಂಕ ನೋಡಿ ನಿರ್ಧರಿಸಬೇಡಿ, ಕಟ್‌ಆಫ್ ಇಡಬೇಡಿ ಅಂತ ಅದೇ ಸಂಸ್ಥೆ ಶಾಲೆಗಳಿಗೆ ಎಚ್ಚರಿಸುತ್ತದೆ. ಇನ್ನು ಒಳ್ಳೆಯ ವಕೀಲರಾಗುತ್ತಾರಾ ಅನ್ನುವುದನ್ನು ಅದು ಹೇಳುವುದು ತೀರಾ ಕಡಿಮೆ. ಬರ್ಕ್ಲಿಯ ಮಾರ್ಜರಿ ಶುಲ್ಟ್ಸ್ ಮತ್ತು ಶೆಲ್ಡನ್ ಝೆಡೆಕ್ ಒಬ್ಬ ಪರಿಣಾಮಕಾರಿ ವಕೀಲನಿಗೆ ಬೇಕಾದ 26 ಗುಣಗಳನ್ನು ಗುರುತಿಸಿದರು. ಕಕ್ಷಿದಾರನ ಮಾತು ಕೇಳಿಸಿಕೊಳ್ಳುವುದು, ರಾಜಿ ಮಾತುಕತೆ, ಒತ್ತಡ ತಡೆಯುವುದು, ಹೀಗೆ. ಅವುಗಳಲ್ಲಿ ಹೆಚ್ಚಿನವಕ್ಕೂ ಎಲ್‌ಸ್ಯಾಟ್ ಅಂಕಕ್ಕೂ ಹೇಳಿಕೊಳ್ಳುವಂಥ ಸಂಬಂಧ ಕಾಣಲಿಲ್ಲ. ಮಿಶಿಗನ್ ಲಾ ಸ್ಕೂಲ್ ತನ್ನ ಹಳೆಯ ವಿದ್ಯಾರ್ಥಿಗಳನ್ನು ಹಿಂಬಾಲಿಸಿ ನೋಡಿದಾಗ, ಕಡಿಮೆ ಎಲ್‌ಸ್ಯಾಟ್‌ನೊಂದಿಗೆ ಬಂದ ಅಲ್ಪಸಂಖ್ಯಾತ ಪದವೀಧರರು ಸಂಬಳದಲ್ಲಾಗಲಿ ವೃತ್ತಿಯ ತೃಪ್ತಿಯಲ್ಲಾಗಲಿ ಹಿಂದೆ ಬಿದ್ದಿರಲಿಲ್ಲ.

ಎದುರು ವಾದವನ್ನೂ ಕೇಳಬೇಕು. ರಿಚರ್ಡ್ ಸ್ಯಾಂಡರ್ ಅನ್ನುವ ಪ್ರಾಧ್ಯಾಪಕರು 2004ರಲ್ಲಿ, ತಮ್ಮ ಅಂಕಕ್ಕೆ ಮೀರಿದ ಶಾಲೆಗೆ ಹೋದ ಕಪ್ಪು ವರ್ಣೀಯರು ತರಗತಿಯಲ್ಲಿ ಕೆಳಗೆ ಉಳಿದು, ವಕೀಲಿ ಲೈಸೆನ್ಸ್‌ಗೆ ಬರೆಯುವ ಬಾರ್ ಪರೀಕ್ಷೆಯಲ್ಲೂ ಸೋಲುತ್ತಾರೆ, ಅವರಿಗೇ ಇದರಿಂದ ನಷ್ಟ ಅಂತ ವಾದಿಸಿದರು. ಅದೇ ಅಂಕಿಅಂಶ ಹಿಡಿದು ಬೇರೆ ಸಂಶೋಧಕರು ಲೆಕ್ಕ ಮಾಡಿದರೆ ಉತ್ತರ ಬೇರೆ ಬಂತು. ಆ ಜಗಳ ಇವತ್ತಿಗೂ ಮುಗಿದಿಲ್ಲ. ನನಗೆ ಅದರಲ್ಲಿ ಮುಖ್ಯವಾಗಿ ಕಾಣುವುದು ಒಂದೇ ಸಂಗತಿ: 1991ರಲ್ಲಿ ಸೇರಿದವರನ್ನು ಹಿಂಬಾಲಿಸಿದ ಅಧ್ಯಯನದಲ್ಲಿ ಬಾರ್ ಪರೀಕ್ಷೆ ಬರೆದ ಬಿಳಿಯರಲ್ಲಿ ನೂರಕ್ಕೆ 96.7 ಜನ ಕೊನೆಗೆ ಪಾಸಾದರು, ಕಪ್ಪು ವರ್ಣೀಯರಲ್ಲಿ 77.6. ಉಳಿದ 22 ಜನರ ತಲೆಯ ಮೇಲೆ ಸಾಲ ಉಳಿಯಿತು, ಕೈಯಲ್ಲಿ ಲೈಸೆನ್ಸ್ ಇರಲಿಲ್ಲ. ಸೀಟು ಕೊಟ್ಟು ಸುಮ್ಮನಾದ ಶಾಲೆಗಳು ಇದಕ್ಕೆ ಉತ್ತರ ಕೊಡಬೇಕಿತ್ತು. ಅದೇ ಅಂಕಿಯನ್ನು ತಿರುಗಿಸಿ ನೋಡಿ. ಪ್ರವೇಶದ ಅಂಕ ನೋಡಿ ಇವರಿಂದ ಆಗದು ಅಂತ ಅನುಮಾನಪಟ್ಟ ಗುಂಪಿನಲ್ಲಿ ಬಾರ್ ಪರೀಕ್ಷೆ ಬರೆದವರ ಪೈಕಿ ಮುಕ್ಕಾಲಿಗಿಂತ ಜಾಸ್ತಿ ಜನ ಪಾಸಾದರು.

ಎಲ್‌ಸ್ಯಾಟ್‌ನ ನಿಜವಾದ ಅನ್ಯಾಯ ನಡೆಯುವುದು ಸೀಟಿನಲ್ಲಿ ಅಲ್ಲ, ದುಡ್ಡಿನಲ್ಲಿ. ಇದರ ಬಗ್ಗೆ ನಮ್ಮವರು ಯಾರೂ ಮಾತಾಡುವುದಿಲ್ಲ. ದೊಡ್ಡ ಖಾಸಗಿ ಲಾ ಸ್ಕೂಲ್‌ಗಳಲ್ಲಿ ಬೋಧನಾ ಶುಲ್ಕವೇ ವರ್ಷಕ್ಕೆ 70 ಸಾವಿರ ಡಾಲರ್ ದಾಟಿದೆ. ಆದರೆ ಒಂದೇ ಬೆಂಚಿನಲ್ಲಿ ಕೂತ ಇಬ್ಬರು ಒಂದೇ ಶುಲ್ಕ ಕೊಡುವುದಿಲ್ಲ. ಮೀಡಿಯನ್ ಎತ್ತುವ ಅಂಕ ಇದ್ದವರಿಗೆ ಅರ್ಧ, ಮುಕ್ಕಾಲು, ಕೆಲವೊಮ್ಮೆ ಪೂರ್ತಿ ಸ್ಕಾಲರ್‌ಶಿಪ್. ಪೂರ್ತಿ ದುಡ್ಡು ಕೊಡುವವರು ಹೆಚ್ಚಾಗಿ ಮೀಡಿಯನ್‌ಗಿಂತ ಕೆಳಗಿದ್ದವರು, ಅದೂ ಹೆಚ್ಚಿನವರು ಸಾಲ ಮಾಡಿ. ಹೆಚ್ಚು ಅಂಕದವರು ಬಹುಪಾಲು ಓದಿದ, ಅನುಕೂಲವಂತ ಮನೆಯವರು, ಕೋಚಿಂಗ್‌ಗೆ ದುಡ್ಡು ಹಾಕಿದವರು, ಕೆಲಸ ಬಿಟ್ಟು ತಿಂಗಳುಗಟ್ಟಲೆ ಓದಲು ಸಾಧ್ಯವಾದವರು. ಹೀಗಾಗಿ ಬಡವರ ಮನೆಯ ಹುಡುಗಿ ಮಾಡಿದ ಸಾಲದಿಂದ ಉಳ್ಳವರ ಮಗನ ಶುಲ್ಕ ಕಡಿಮೆಯಾಗುತ್ತದೆ. ಕಾನೂನು ವಿದ್ಯಾರ್ಥಿಗಳ ನಡುವೆ ಪ್ರತಿವರ್ಷ ಸಮೀಕ್ಷೆ ನಡೆಸುವ ಸಂಸ್ಥೆಯೊಂದು 2016ರಲ್ಲೇ ಇದನ್ನು ಅಂಕಿ ಸಮೇತ ತೋರಿಸಿತು. ನಿಮ್ಮ ಮಗಳ ಗೆಳತಿಗೆ 163ಕ್ಕೆ ಸೀಟು ಸಿಕ್ಕಿರಬಹುದು. ಸ್ಕಾಲರ್‌ಶಿಪ್ ಎಷ್ಟು ಸಿಕ್ಕಿತು ಅಂತಲೂ ಕೇಳಿ. ಮೂರು ವರ್ಷದ ಕೊನೆಗೆ ಅವಳ ತಲೆಯ ಮೇಲೆ ಎಷ್ಟು ಸಾಲ ಇರುತ್ತದೆ ಅಂತ ಗೊತ್ತಾದರೆ ಇಬ್ಬರಲ್ಲಿ ಯಾರಿಗೆ ಅನುಕೂಲ ಆಯಿತು ಅನ್ನುವುದರ ಬಗ್ಗೆ ನೀವು ಬೇರೆ ರೀತಿ ಯೋಚಿಸಬಹುದು.

ಈಗ ಮಗಳು ಏನು ಮಾಡಬೇಕು ಅನ್ನುವುದು.

ಅವಳಿಗೆ ಮನಸ್ಸಿದ್ದರೆ ಮತ್ತೆ ಪರೀಕ್ಷೆ ಬರೆಯಲಿ. ಐದು ವರ್ಷದ ಅವಧಿಯಲ್ಲಿ ಐದು ಸಲ, ಜೀವನದಲ್ಲಿ ಒಟ್ಟು ಏಳು ಸಲ ಬರೆಯಬಹುದು. ಶಾಲೆಗಳು ವರದಿ ಮಾಡುವುದು ಅತಿ ಹೆಚ್ಚಿನ ಅಂಕವನ್ನು ಮಾತ್ರ, ಹಾಗಾಗಿ ಒಂದು ಸಲ ಕಡಿಮೆ ಬಂದರೂ ದೊಡ್ಡ ನಷ್ಟ ಇಲ್ಲ. 2024ರ ಆಗಸ್ಟ್‌ನಿಂದ ಲಾಜಿಕ್ ಗೇಮ್ಸ್ ಅನ್ನುವ ತರ್ಕದ ಒಗಟುಗಳ ಭಾಗ ತೆಗೆದುಹಾಕಿದ್ದಾರೆ. ಹಳೆಯ ಮಾದರಿಯಲ್ಲಿ ಅವಳಿಗೆ ತೊಡಕಾಗಿದ್ದು ಅದೇ ಆಗಿದ್ದರೆ ಈಗ ನಾಲ್ಕೈದು ಅಂಕ ಏರುವುದು ಅಸಾಧ್ಯವಲ್ಲ. 172 ಬಂದರೆ ಅದೇ ಅರ್ಜಿ, ಅದೇ 3.75, ಆದರೆ ಉತ್ತರ ಬೇರೆ ಬರಬಹುದು.

ಪ್ರಬಂಧದಲ್ಲಿ ಏಷ್ಯನ್ ಆದ್ದರಿಂದ ನನಗೆ ಅನ್ಯಾಯವಾಯಿತು ಅಂತ ಬರೆಯುವುದು ಬೇಡ. ಹಾಗೆ ಬರೆದ ಕರಡುಗಳನ್ನು ಹಲವು ಮಕ್ಕಳು ನನಗೆ ಕಳಿಸುತ್ತಾರೆ, ಎಲ್ಲವೂ ಒಂದೇ ಥರ ಇರುತ್ತವೆ. ಅವಳು ನಿಜವಾಗಿ ಮಾಡಿದ್ದನ್ನು ಬರೆಯಲಿ. ವೀಸಾ ಕಾಗದ ಪತ್ರಗಳನ್ನು ಮನೆಯವರಿಗೆ ಬಿಡಿಸಿ ಹೇಳಿದ್ದಿರಬಹುದು, ಅಜ್ಜಿಗೆ ಆಸ್ಪತ್ರೆಯಲ್ಲಿ ಡಾಕ್ಟರ ಮಾತನ್ನು ಕನ್ನಡದಲ್ಲಿ ಹೇಳಿದ್ದಿರಬಹುದು. ಕಾನೂನು ಯಾಕೆ ಬೇಕು ಅನ್ನುವುದು ಅಲ್ಲಿಂದಲೇ ಬರಬೇಕು.

ಮತ್ತು ಎಲ್‌ಸ್ಯಾಟ್ ಮೀಡಿಯನ್ 168ಕ್ಕಿಂತ ಕೆಳಗಿರುವ ಶಾಲೆಗಳನ್ನು ಹುಡುಕಿ. ಅಂಥ ಒಳ್ಳೆಯ ಶಾಲೆಗಳು ಬೇಕಾದಷ್ಟಿವೆ, ಅಲ್ಲಿ ಅವಳಿಗೆ ಸೀಟಿನ ಜೊತೆ ದುಡ್ಡೂ ಸಿಗಬಹುದು. ಒಂದು ಶಾಲೆ ಕೊಟ್ಟ ಸ್ಕಾಲರ್‌ಶಿಪ್ ತೋರಿಸಿ ಇನ್ನೊಂದು ಶಾಲೆಯನ್ನು ಜಾಸ್ತಿ ಕೇಳಬಹುದು, ಅದು ಅಲ್ಲಿ ಮಾಮೂಲಿ, ಸಂಕೋಚ ಬೇಡ. ಆದರೆ ಸಹಿ ಹಾಕುವ ಮೊದಲು ಪ್ರತಿ ಶಾಲೆಯೂ ಪ್ರಕಟಿಸಲೇಬೇಕಾದ 509 ವರದಿಯನ್ನು ತೆರೆದು ನೋಡಿ. ಅದರಲ್ಲಿ ಷರತ್ತಿನ ಸ್ಕಾಲರ್‌ಶಿಪ್ ಎಷ್ಟು ಜನಕ್ಕೆ ಕೊಟ್ಟರು, ಅದರಲ್ಲಿ ಎಷ್ಟು ಜನ ಕಳೆದುಕೊಂಡರು ಅಂತ ಇರುತ್ತದೆ. ತರಗತಿಯಲ್ಲಿ ಇಂತಿಷ್ಟು ಅಂಕ ಉಳಿಸಿಕೊಂಡರೆ ಮಾತ್ರ ಅನ್ನುವ ಷರತ್ತು ಇದ್ದು, ಕಳೆದುಕೊಂಡವರ ಸಂಖ್ಯೆ ದೊಡ್ಡದಿದ್ದರೆ, ಆ ಷರತ್ತು ತೆಗೆಯಿರಿ ಅಂತ ಶಾಲೆಗೆ ಬರೆಯಿರಿ. ಅವರು ಒಪ್ಪದಿದ್ದರೆ ಮುಂದಿನ ಶಾಲೆ ನೋಡಿ.